ಬೆಲ್ಲದಂಗಡಿಯ ಮೌನಿ

ಮಧುದಿನ್ನ ಮಾತು ಬಿಟ್ಟನಂತೆ ಎಂದು ಬೀದಿಯಲ್ಲಿ ಸುದ್ದಿ ಹಬ್ಬಿದಾಗ ಅವನಿಗೆ ಗಂಟಲು ಬೇನೆ ಬಂದಿರಬೇಕು ಅಂದುಕೊಂಡು ನಾನು ಒಂದು ಕುಡಿಕೆ ಕಷಾಯ ಕಾಸಿಕೊಂಡು ಹೋದೆ. ಬೇರೆ ಏನು ಕಾರಣ ಇರಲು ಸಾಧ್ಯ ಹೇಳಿ. ನಮ್ಮದು ಶ್ರಾವಸ್ತಿಯ ದಕ್ಷಿಣದ ಬಾಗಿಲ ಬೀದಿ. ಜೇತವನಕ್ಕೆ ಹೋಗುವವರೆಲ್ಲ ನಮ್ಮ ಮುಂದೆಯೇ ಹಾದುಹೋಗಬೇಕು. ಬೀದಿಯ ತುದಿಯಲ್ಲಿ ನಾನು ಮಡಕೆ ಸುಡುವ ಆವಿಗೆ, ಅದಕ್ಕೆ ಅಂಟಿಕೊಂಡೇ ಅವನ ಬೆಲ್ಲದಂಗಡಿ. ಎರಡು ಮನೆಯ ಹಿತ್ತಿಲ ನಡುವೆ ಮೊಣಕಾಲೆತ್ತರದ ಒಂದು ಮಣ್ಣಿನ ಗೋಡೆ. ಗಂಡ ಸತ್ತ ಮೇಲೆ ಆ ಗೋಡೆಯ ಈಚೆ ತಿಗರಿ ತಿರುಗಿಸುತ್ತ ಕೂತು ನಾನು ಅವನ ಮಾತು ಕೇಳಿದ್ದೇ ಕೇಳಿದ್ದು.

ಒಂದು ಅಚ್ಚು ಬೆಲ್ಲಕ್ಕೆ ಬಂದವರಿಗೆ ಆ ಕಬ್ಬು ಕಾಶಿಯ ಯಾವ ಗದ್ದೆಯದು, ಆ ಗದ್ದೆಯವನ ಅತ್ತೆಗೆ ಏನು ಕಾಯಿಲೆ, ಆ ಕಾಯಿಲೆಗೆ ಇವನು ಹೇಳಿದ ಮದ್ದು ಯಾವುದು, ಎಲ್ಲ ಕೇಳಿದ ಮೇಲೇ ಬೆಲ್ಲ ಕೈಗೆ ಸಿಗುತ್ತಿತ್ತು. ಕೆಲವರು ಅವನ ಬಾಯಿಂದ ತಪ್ಪಿಸಿಕೊಳ್ಳಲೆಂದೇ ಕೇಳಿದಷ್ಟು ಕೊಟ್ಟು ಓಡುತ್ತಿದ್ದರು. ಅವನು ಅದನ್ನು ವ್ಯಾಪಾರದ ಚಾತುರ್ಯ ಅಂದುಕೊಂಡಿದ್ದ.

ಅವನ ಹೆಂಡತಿ ಪದುಮೆ ಇದಕ್ಕೆ ತದ್ವಿರುದ್ಧ. ಮದುವೆಯಾಗಿ ಬಂದಾಗಿನಿಂದ ಅವಳು ಆಡಿದ ಮಾತನ್ನೆಲ್ಲ ಕೂಡಿಟ್ಟರೂ ನನ್ನ ಒಂದು ಕುಡಿಕೆ ತುಂಬುವುದಿಲ್ಲ. ಬೆಲ್ಲದ ಬುಟ್ಟಿ ಹೊರುವುದು, ನೊಣ ಬೀಸುವುದು, ಅಡುಗೆ, ಹಟ್ಟಿ, ಮಗಳು ಸೇಲೆಯನ್ನು ಸಾಕಿದ್ದು, ಎಲ್ಲ ಬಾಯಿ ಮುಚ್ಚಿಕೊಂಡೇ. ಅವಳು ಮಾತಾಡದೆ ಇದ್ದದ್ದನ್ನು ಬೀದಿಯಲ್ಲಿ ಯಾರೂ ಮೌನ ಅನ್ನಲಿಲ್ಲ. ಹೆಂಗಸು ಸುಮ್ಮನಿದ್ದರೆ ಅದಕ್ಕೆ ಹೆಸರೇ ಇಲ್ಲ. ಅದೇ ಗಂಡ ಬಾಯಿ ಮುಚ್ಚಿದ ಮರುದಿನವೇ ಬೀದಿಗೆ ಬೀದಿಯೇ ಬಂದು ಕೈಮುಗಿಯಿತು.

ಅವನು ಉಪಾಸಕನಾದ ಕಥೆಯನ್ನೂ ಹೇಳಬೇಕು. ಭಿಕ್ಷುಗಳು ಮಧ್ಯಾಹ್ನ ಕಳೆದ ಮೇಲೆ ಊಟ ಮುಟ್ಟುವುದಿಲ್ಲ. ಆದರೆ ಮೈ ಸರಿಯಿಲ್ಲದಿದ್ದರೆ ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಇಷ್ಟನ್ನು ತೆಗೆದುಕೊಳ್ಳಬಹುದು ಎಂದು ಭಗವಂತರು ಅಪ್ಪಣೆ ಕೊಟ್ಟರು. ಆ ದಿನ ನಮ್ಮ ಬೀದಿಯಲ್ಲಿ ಧರ್ಮದ ಮೇಲೆ ಎಲ್ಲರಿಗಿಂತ ಮೊದಲು ಪ್ರೀತಿ ಹುಟ್ಟಿದ್ದು ಮಧುದಿನ್ನನಿಗೆ. ದಾನಕ್ಕೆ ಬೆಲ್ಲ ಒಯ್ಯುವವರು ಇವನ ಅಂಗಡಿಯನ್ನು ದಾಟದೆ ಜೇತವನ ಸೇರುವಂತಿಲ್ಲವಲ್ಲ. ಬುದ್ಧನಿಗೆ, ಧರ್ಮಕ್ಕೆ, ಸಂಘಕ್ಕೆ ಶರಣು ಹೋಗಿ, ಐದು ಶೀಲ ತೆಗೆದುಕೊಂಡು, ಬಿಳಿ ಬಟ್ಟೆ ಉಟ್ಟು ಬಂದ. ಕೊಲ್ಲಬಾರದು ಎಂಬ ಶೀಲ ಅವನಿಗೆ ಕಷ್ಟವಾಗಲಿಲ್ಲ. ನೊಣಗಳನ್ನು ಪದುಮೆಗೆ ವಹಿಸಿದ. ಕಷ್ಟ ಬಂದದ್ದು ಸುಳ್ಳಾಡಬಾರದು ಎನ್ನುವಲ್ಲಿ. ಬೆಲ್ಲದಲ್ಲಿ ಮರಳು ಇದೆಯೇ ಎಂದು ಗಿರಾಕಿ ಕೇಳಿದರೆ ಇದೆ ಅಂದರೆ ವ್ಯಾಪಾರ ಹೋಗುತ್ತದೆ, ಇಲ್ಲ ಅಂದರೆ ಶೀಲ ಹೋಗುತ್ತದೆ. ಪಾಪ, ಒಂದು ಮಳೆಗಾಲವಿಡೀ ಅವನು ಈ ಸಂಕಟದಲ್ಲಿ ಬೆಂದುಹೋದ.

ಆ ಹೊತ್ತಿಗೇ ಜೇತವನದಲ್ಲಿ ಅವನಿಗೆ ದಾರಿ ಕಂಡಿತು. ನಮ್ಮ ನಗರದ ಒಬ್ಬ ಸಿರಿವಂತ ಭಗವಂತರ ಬಳಿ ಹೋಗಿ, ನಾಳೆ ಸಂಘಸಮೇತ ನಮ್ಮ ಮನೆಗೆ ಊಟಕ್ಕೆ ದಯಮಾಡಿಸಬೇಕು ಎಂದು ಬೇಡಿದನಂತೆ. ಭಗವಂತರು ಏನೂ ಹೇಳಲಿಲ್ಲವಂತೆ. ಸಿರಿವಂತ ಅದನ್ನೇ ಒಪ್ಪಿಗೆ ಎಂದು ತಿಳಿದು, ಎದ್ದು ಕೈಮುಗಿದು, ಬಲಕ್ಕೆ ಸುತ್ತು ಬಂದು ಹೊರಟುಹೋದನಂತೆ. ಇದರಲ್ಲಿ ಹೊಸದೇನೂ ಇಲ್ಲ, ಅಲ್ಲಿ ದಿನವೂ ನಡೆಯುವುದು ಹಾಗೆಯೇ. ಆದರೆ ಮಧುದಿನ್ನ ಕಂಬದ ಹಿಂದೆ ಕೂತು ಬಾಯಿ ಬಿಟ್ಟುಕೊಂಡು ನೋಡಿದ. ದುಃಖದ ಬಗ್ಗೆ, ದುಃಖದ ಕಾರಣದ ಬಗ್ಗೆ ಅಲ್ಲಿ ಹೇಳಿದ್ದೆಲ್ಲ ಅವನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಗಿತ್ತು. ಹೇಳದೆ ಬಿಟ್ಟದ್ದು ಮಾತ್ರ ತಲೆಯಲ್ಲಿ ನಿಂತಿತು.

ಮರುದಿನ ನಾನು ಕಷಾಯ ಹಿಡಿದು ಹೋದಾಗ ಅವನು ಅಂಗಡಿಯ ಹಲಗೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಅರ್ಧ ಮುಚ್ಚಿ ಕೂತಿದ್ದ.

"ಏನಪ್ಪ, ಗಂಟಲು ಬೇನೆನಾ?" ಅಂದೆ.

ಅವನು ಮಾತಾಡಲಿಲ್ಲ. ಒಳಗಿನಿಂದ ಪದುಮೆ ಬಂದು ಕುಡಿಕೆ ತೆಗೆದುಕೊಂಡಳು. "ಗಂಟಲು ಚೆನ್ನಾಗೇ ಇದೆ ಕಾಳಕ್ಕ," ಅಂದಳು. ಅವಳ ಪಾಲಿಗೆ ಅದೇ ಒಂದು ದೊಡ್ಡ ಭಾಷಣ.

ಗಿರಾಕಿ ಬಂದು ಬೆಲ್ಲದಲ್ಲಿ ಮರಳು ಇದೆಯೇ ಎಂದು ಕೇಳಿದ. ಮಧುದಿನ್ನ ಸುಮ್ಮನಿದ್ದ. ಇಂಥ ಗಂಭೀರ ಮನುಷ್ಯನನ್ನು ಇಂಥ ಕ್ಷುಲ್ಲಕ ಪ್ರಶ್ನೆ ಕೇಳಿದೆನಲ್ಲ ಎಂದು ಗಿರಾಕಿಯೇ ನಾಚಿಕೊಂಡು ಬೆಲ್ಲ ಒಯ್ದ. ಸುಳ್ಳೂ ಆಡಲಿಲ್ಲ, ನಿಜವನ್ನೂ ಹೇಳಲಿಲ್ಲ, ವ್ಯಾಪಾರವೂ ಆಯಿತು. ಅವನ ಮುಖದಲ್ಲಿ ಆಗ ಮೂಡಿದ ಶಾಂತಿಯನ್ನು ನಾನೇ ನೋಡಿದ್ದೇನೆ.

ಬೀದಿಯವರಿಗೆ ಸಾಧುಗಳೆಂದರೆ ಹುಚ್ಚು. ಹೂ ಕಟ್ಟುವ ಸುದತ್ತಕ ಅನ್ನುವ ಮುದುಕ ನಮ್ಮ ಬೀದಿಗೆ ಹಿರಿಯ. ಮೊದಲು ಅವನು ಬಂದು ಒಂದು ಮಾಲೆ ಇಟ್ಟ. ಆಮೇಲೆ ಬೇರೆಯವರೂ ಬಂದರು. ಹೊಟ್ಟೆನೋವಿಗೆ ಏನು ಮಾಡಲಿ ಎಂದು ಕೇಳಿದವಳಿಗೆ ಅವನು ಸುಮ್ಮನಿದ್ದ. ಅವಳು ಉಪವಾಸವಿರು ಎಂದು ಅರ್ಥ ಮಾಡಿಕೊಂಡು ಗುಣವಾದಳು. ಸೊಸೆಯನ್ನು ಮನೆಯಿಂದ ಓಡಿಸಲೇ ಎಂದು ಕೇಳಿದವಳಿಗೂ ಸುಮ್ಮನಿದ್ದ; ಅವಳು ಓಡಿಸಿದಳು. ಎರಡಕ್ಕೂ ಬೀದಿ ಅವನನ್ನೇ ಹೊಗಳಿತು.

ಬರಬರುತ್ತ ಅವನ ಮೌನದ ಉಪಯೋಗ ನಮಗೆಲ್ಲ ತಿಳಿಯಿತು. ನಾನು ಒಂದು ಬೆಳಗ್ಗೆ, "ನಿನ್ನ ಅಂಗಳದಲ್ಲಿ ನನ್ನ ಹಸಿ ಮಡಕೆ ಒಣಹಾಕಲಾ ಮಾರಾಯ?" ಅಂದೆ. ಸುಮ್ಮನಿದ್ದ. ಒಣಹಾಕಿದೆ. ಅಗಸ ಬಂದು ಎತ್ತು ಕೇಳಿದ. ಸುಮ್ಮನಿದ್ದ. ಎತ್ತು ಹೋಯಿತು. ಬೇಡ ಅನ್ನಬೇಕಾದರೆ ಬಾಯಿ ತೆರೆಯಬೇಕು, ಬಾಯಿ ತೆರೆದರೆ ಅವನು ಮತ್ತೆ ಬರೀ ಬೆಲ್ಲದ ಮಧುದಿನ್ನ. ಅಗಸ ಎತ್ತನ್ನು ಹೊಡೆದುಕೊಂಡು ಹೋಗುವಾಗ ಇವನ ಹುಬ್ಬು ಒದ್ದಾಡಿದ್ದು ನನಗೆ ಕಂಡಿತು, ಆದರೆ ತುಟಿ ಅಲುಗಲಿಲ್ಲ. ಮೂರನೇ ದಿನ ಪದುಮೆ ಅಗಸನ ಮನೆಗೆ ಹೋಗಿ, ಒಂದು ಮಾತೂ ಆಡದೆ ಎತ್ತಿನ ಹಗ್ಗ ಬಿಚ್ಚಿಕೊಂಡು ಬಂದಳು.

ಇದನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದವನು ಬಂಡಿಗಳ ರೋಹಕ. ಕಾಶಿಯಿಂದ ನಮ್ಮ ಬೀದಿಗೆ ಬರುವ ಬೆಲ್ಲ, ಬಟ್ಟೆ ಎಲ್ಲ ಅವನ ಬಂಡಿಗಳಲ್ಲೇ ಬರಬೇಕು. ವಯಸ್ಸಿನಲ್ಲಿ ಮಧುದಿನ್ನನಿಗಿಂತ ಹಿರಿಯ. ಮುಂದಿನ ಹಲ್ಲುಗಳು ಬಿದ್ದಿವೆ, ಕೂದಲಿಗೆ ಕಪ್ಪು ಹಚ್ಚುತ್ತಾನೆ. ಮೂರು ಮದುವೆಯಾದವನು. ಇಬ್ಬರು ಹೆಂಡತಿಯರು ಸತ್ತರು. ಮೂರನೆಯವಳು ಬದುಕಿದ್ದಾಳೆ, ಏಕೆಂದರೆ ತವರಿಗೆ ಓಡಿಹೋದಳು. ಅವಳು ಓಡಿದ ದಿನ ನನ್ನ ಆವಿಗೆಯ ಹಿಂದೆ ಅಡಗಿದ್ದಳು. ಅವಳ ಬೆನ್ನನ್ನು ನಾನು ನೋಡಿದ್ದೇನೆ, ಅದರ ಬಗ್ಗೆ ಹೆಚ್ಚು ಹೇಳಲು ನನಗಿಷ್ಟವಿಲ್ಲ.

ಒಂದು ಸಂತೆಯ ದಿನ ರೋಹಕ ಅಂಗಡಿಯ ಮುಂದೆ ಬಂದು ನಿಂತ. ಬೇಕೆಂದೇ ಜನ ಸೇರಿದ ಹೊತ್ತು ನೋಡಿಕೊಂಡು ಬಂದಿದ್ದ.

"ಅಲ್ಲಪ್ಪ ಮಧುದಿನ್ನ, ಮನೇಲಿ ದೀಪ ಹಚ್ಚೋರಿಲ್ಲ ನನಗೆ. ನಿನ್ನ ಮಗಳು ಸೇಲೆನ ನನಗೆ ಕೊಡ್ತೀಯಾ?" ಅಂದ.

ಬೀದಿ ಉಸಿರು ಹಿಡಿದು ನಿಂತಿತು. ಮಧುದಿನ್ನನ ಮುಖ ಬಿಳಿಚಿತು. ಈಗ ಬಾಯಿ ಬಿಡುತ್ತಾನೆ, ಈಗ ಬಿಡುತ್ತಾನೆ ಎಂದು ನಾನು ಮಣ್ಣಿನ ಕೈಯಲ್ಲೇ ಎದ್ದು ನಿಂತೆ. ಅಷ್ಟರಲ್ಲಿ ಯಾರೋ ಹಿಂದಿನಿಂದ ಪಿಸುಗುಟ್ಟಿದರು: "ನೋಡಿ, ಎಷ್ಟು ಶಾಂತವಾಗಿದ್ದಾನೆ." ಅಷ್ಟು ಸಾಕಾಯಿತು. ಅವನ ಬೆನ್ನು ಇನ್ನೂ ನೆಟ್ಟಗಾಯಿತು, ಕಣ್ಣು ಅರ್ಧ ಮುಚ್ಚಿದವು.

ರೋಹಕ ಇದನ್ನೇ ಕಾಯುತ್ತಿದ್ದ. ಎರಡು ಕೈ ಜೋಡಿಸಿ ತಲೆಗೆ ಹಚ್ಚಿ, ಮಧುದಿನ್ನನನ್ನೂ ಬೆಲ್ಲದ ಬುಟ್ಟಿಗಳನ್ನೂ ಸೇರಿಸಿ ಬಲಕ್ಕೆ ಒಂದು ಸುತ್ತು ಬಂದು, "ಒಪ್ಪಿದ್ದಾನೆ. ಎಲ್ಲರೂ ನೋಡಿದ್ದೀರಿ," ಎಂದು ಹೇಳಿ ಹೊರಟುಹೋದ. ಹುಣ್ಣಿಮೆ ಕಳೆದ ಮೇಲೆ ಕನ್ಯಾದಾನ ಎಂದು ಸಂಜೆಯೊಳಗೆ ಬೀದಿಗೆಲ್ಲ ಸಾರಿಸಿದ.

ಆ ಮಧ್ಯಾಹ್ನ ನಾನು ಗೋಡೆಯಾಚೆ ನೋಡಿದೆ. ಮಧುದಿನ್ನ ಹಿತ್ತಿಲಲ್ಲಿ ಒಬ್ಬನೇ ಕೂತು ಅಂಗೈಯಲ್ಲಿ ಹಣೆ ಚಚ್ಚಿಕೊಳ್ಳುತ್ತಿದ್ದ. ಕಣ್ಣಲ್ಲಿ ನೀರಿತ್ತು. ನನ್ನನ್ನು ಕಂಡದ್ದೇ ತಡ, ಕೈ ಮಡಿಲಿಗೆ ಬಂತು, ಮುಖಕ್ಕೆ ಶಾಂತಿ ಬಂತು. ನನಗೆ ಮೈಯೆಲ್ಲ ಉರಿಯಿತು. ಮಗಳು ಹಾಳುಬಾವಿಗೆ ಬೀಳುತ್ತಿದ್ದರೂ ನೋಡುವವರಿದ್ದರೆ ಚೆನ್ನಾಗಿ ಕಾಣಬೇಕು ಇವನಿಗೆ.

"ಥೂ ನಿನ್ನ. ಹೋಗಿ ಬೇಡ ಅನ್ನು ಅವನಿಗೆ. ಒಂದೇ ಮಾತು. ನಿನ್ನಂಥ ಬಾಯಿಬಡಕನಿಗೆ ಅದೂ ಕಷ್ಟವಾ?" ಅಂದೆ.

ಸುಮ್ಮನಿದ್ದ.

ಸೇಲೆ ಗೋಡೆಯ ಬಳಿ ಬಂದಳು. ಅವಳು ತಾಯಿಯಂತೆ ಮಿತಭಾಷಿ, ತಂದೆಯಂತೆ ದೊಡ್ಡ ಕಣ್ಣು. ನನ್ನ ಮಡಕೆಗಳಿಗೆ ಗೆರೆ ಬರೆಯುವುದರಲ್ಲಿ ಅವಳ ಕೈ ನನಗಿಂತ ಚೆನ್ನ.

"ಕಾಳತ್ತೆ, ಅಪ್ಪನ್ನ ಕೇಳಿದೆ, ನನ್ನ ಕಳಿಸ್ತೀರಾ ಅಂತ. ತಲೆ ಮೇಲೆ ಕೈ ಇಟ್ರು. ಹಂಗಂದ್ರೆ ಏನು?"

"ಕೈ ಇಡೋಕೆ ಬೇರೆ ಜಾಗ ಸಿಗಲಿಲ್ಲ ಅಂತ," ಅಂದೆ. ಅವಳು ನಗಲಿಲ್ಲ. ನನಗೂ ನಗು ಬರಲಿಲ್ಲ.

ಹುಣ್ಣಿಮೆಯ ಉಪೋಸಥ ವ್ರತದ ದಿನ ಪದುಮೆ ನನ್ನನ್ನು ಕರೆದುಕೊಂಡು ಜೇತವನಕ್ಕೆ ಹೋದಳು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ನಾನೇ ರೋಹಕನ ವಂಶವನ್ನೆಲ್ಲ ಬೈದು ಮುಗಿಸಿದೆ. ಅಲ್ಲಿ ಒಂದು ಮಾವಿನ ಮರದ ಕೆಳಗೆ ಒಬ್ಬ ಮುದಿ ಭಿಕ್ಷು ಚೀವರಕ್ಕೆ ತೇಪೆ ಹಾಕುತ್ತ ಕೂತಿದ್ದರು. ನಮ್ಮ ಬೀದಿಗೆ ಭಿಕ್ಷೆಗೆ ಬರುವವರೇ. ಪದುಮೆ ಅವರ ಮುಂದೆ ಕೂತು ಕೈಮುಗಿದಳು. ಬಹಳ ಹೊತ್ತು ಕೂತಳು. ಅವರು ತಾವಾಗಿ ಏನೂ ಕೇಳಲಿಲ್ಲ, ಸೂಜಿ ನಿಲ್ಲಿಸಲೂ ಇಲ್ಲ.

ಕೊನೆಗೆ ಅವಳೇ ಬಾಯಿ ಬಿಟ್ಟಳು. "ಭಂತೆ, ಭಗವಂತರು ಸುಮ್ಮನಿದ್ರೆ ಒಪ್ಪಿದ ಹಾಗೇನಾ?"

"ಊಟಕ್ಕೆ ಕರೆದಾಗ ಹೌದು ತಂಗಿ."

"ಒಪ್ಪದಿದ್ರೆ?"

"ನಾಳೆಗೆ ಬೇರೆಯವರ ಮನೆ ಒಪ್ಪಿಕೊಂಡಿದ್ದೀನಿ ಅಂತ ಹೇಳ್ತಾರೆ."

"ಬಾಯಿಬಿಟ್ಟು ಹೇಳ್ತಾರಾ?"

"ಬಾಯಿಬಿಡದೆ ಹೇಗೆ ಹೇಳೋದು?" ಮುದುಕರು ಸೂಜಿಯ ಕಣ್ಣಿಗೆ ನೂಲು ಹಾಕಲು ಎರಡು ಸಲ ತಪ್ಪಿದರು. ನಾನು ಹಾಕಿಕೊಡಬೇಕೆಂದು ಕೈ ಚಾಚಿ ಹಿಂದೆ ತೆಗೆದೆ. "ನಮ್ಮ ಸಂಘದಲ್ಲೂ ಅಷ್ಟೇ. ಏನಾದ್ರೂ ತೀರ್ಮಾನ ಆಗಬೇಕಾದ್ರೆ ಎಲ್ಲರ ಮುಂದೆ ಮೂರು ಸಲ ಕೇಳ್ತೀವಿ. ಒಪ್ಪಿದವರು ಸುಮ್ಮನಿರಲಿ, ಒಪ್ಪದವರು ಮಾತಾಡಲಿ ಅಂತ. ನೆನ್ನೆ ಸೇರಿದ ಭಿಕ್ಷು ಒಬ್ಬನೇ ಬೇಡ ಅಂದ್ರೂ ಆ ಕೆಲಸ ನಿಂತು ಹೋಯ್ತು."

ಪದುಮೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಹಂಗಾದ್ರೆ ಇಷ್ಟು ವರ್ಷ ಸುಮ್ಮನಿದ್ದ ನಾನು ಎಲ್ಲದಕ್ಕೂ ಒಪ್ಪಿದ ಹಂಗಾಯ್ತಾ ಭಂತೆ?"

ಮುದುಕರು ಈಗ ಸೂಜಿ ನಿಲ್ಲಿಸಿದರು. "ಒಪ್ಪಿಗೆ ಇರಲಿಲ್ವಾ?"

"ಇರಲಿಲ್ಲ."

"ಮತ್ತೆ ಯಾಕೆ ಮಾತಾಡಲಿಲ್ಲ?"

"ಯಾರೂ ಕೇಳಲಿಲ್ಲ ಭಂತೆ."

ಅವರು ಅವಳನ್ನೇ ನೋಡಿದರು. ಅದಕ್ಕೆ ಅವರ ಬಳಿ ಉತ್ತರ ಇರಲಿಲ್ಲ, ಇದ್ದಂತೆ ನಟಿಸಲೂ ಇಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆಗಲೇ.

ಕನ್ಯಾದಾನದ ದಿನ ಮಧುದಿನ್ನನ ಅಂಗಳದಲ್ಲಿ ಚಾಪೆ ಹಾಸಿದರು. ನನ್ನ ಮಡಕೆಗಳನ್ನು ಆಚೆ ಸರಿಸಿದರು. ತಂದೆ ಗಿಂಡಿಯ ನೀರನ್ನು ವರನ ಬಲಗೈ ಮೇಲೆ ಬಿಟ್ಟರೆ ಮುಗಿಯಿತು, ಆಮೇಲೆ ಯಾರು ಏನು ಅತ್ತರೂ ಹಿಂದಕ್ಕಿಲ್ಲ. ರೋಹಕ ಹೊಸ ಕಾಶಿಯ ಬಟ್ಟೆ ಉಟ್ಟು, ಕೂದಲಿಗೆ ಧಾರಾಳವಾಗಿ ಕಪ್ಪು ಹಚ್ಚಿಕೊಂಡು ಬಂದಿದ್ದ. ಬಿಸಿಲಿಗೆ ಅದು ಕರಗಿ ಕಿವಿಯ ಹಿಂದೆ ಇಳಿಯುತ್ತಿತ್ತು. ಸುದತ್ತಕ ಮಾಲೆಗಳೊಂದಿಗೆ ನಡುವೆ ಕೂತಿದ್ದ. ಬೀದಿಯವರೆಲ್ಲ ಸೇರಿದ್ದರು. ಈ ಮದುವೆ ಅನ್ಯಾಯವೆಂದು ಅವರಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಹಾಗೆಂದು ಊಟ ಬಿಟ್ಟು ಮನೆಯಲ್ಲಿ ಉಳಿದವರೂ ಯಾರೂ ಇರಲಿಲ್ಲ.

ಮಧುದಿನ್ನ ಗಿಂಡಿ ಹಿಡಿದು ನಿಂತ. ನೀರು ತುಳುಕಿ ಅವನ ಕಾಲ ಮೇಲೇ ಬೀಳುತ್ತಿತ್ತು. ಆದರೂ ತುಟಿ ಹೊಲಿದಿದ್ದ. ರೋಹಕ ಕೈ ಚಾಚಿದ.

ಆಗ ಅಡುಗೆಮನೆಯಿಂದ ಪದುಮೆ ಬಂದಳು. ಕೈಯಲ್ಲಿ ಸೌಟು ಹಾಗೇ ಇತ್ತು.

"ಸ್ವಲ್ಪ ನಿಲ್ಲಿ," ಅಂದಳು. ಅವಳ ದನಿ ಬೀದಿಯಲ್ಲಿ ಎಷ್ಟೋ ಜನಕ್ಕೆ ಹೊಸದು. ಯಾರು ಮಾತಾಡಿದರು ಎಂದು ಕೆಲವರು ಹಿಂದೆ ತಿರುಗಿ ನೋಡಿದರು. "ನಮ್ಮ ಯಜಮಾನರು ಉಪಾಸಕರು. ಅವರು ಒಪ್ಪಿದ್ದೂ ಸಂಘದ ರೀತಿಯಲ್ಲೇ, ಸುಮ್ಮನಿದ್ದು. ಹಂಗಿದ್ಮೇಲೆ ಕೊಡೋದೂ ಸಂಘದ ರೀತಿಯಲ್ಲೇ ಆಗಲಿ. ಅಲ್ಲಿ ಎಲ್ಲರ ಮುಂದೆ ಮೂರು ಸಲ ಕೇಳ್ತಾರೆ. ಒಪ್ಪಿದವರು ಸುಮ್ಮನಿರಬೇಕು, ಒಪ್ಪದವರು ಮಾತಾಡಬೇಕು." ಗಂಡನ ಕಡೆ ತಿರುಗಿದಳು. "ಏನ್ರೀ, ನಾನು ಕೇಳಲಾ?"

ಮಧುದಿನ್ನ ಕಣ್ಣು ಪಿಳಿಪಿಳಿ ಬಿಟ್ಟ. ಸುಮ್ಮನಿದ್ದ.

"ಸುಮ್ಮನಿದ್ದಾನೆ," ಅಂದ ಸುದತ್ತಕ, ತೀರ್ಪು ಕೊಡುವ ಗತ್ತಿನಲ್ಲಿ. "ಒಪ್ಪಿದ್ದಾನೆ."

ರೋಹಕ ಬಾಯಿ ತೆರೆದು ಮುಚ್ಚಿದ. ಆ ಮೌನ ಒಪ್ಪಿಗೆಯಲ್ಲ ಅಂದರೆ ಅವನಿಗೆ ಸಿಕ್ಕ ಹೆಣ್ಣೂ ಹೋಗುತ್ತಿತ್ತು.

"ನನ್ನ ಮಗಳು ಸೇಲೆಯನ್ನ ಈ ರೋಹಕನಿಗೆ ಕೊಡ್ತಿದ್ದಾರೆ," ಅಂದಳು ಪದುಮೆ. "ಒಪ್ಪಿದವರು ಸುಮ್ಮನಿರಿ. ಒಪ್ಪದವರು ಮಾತಾಡಿ."

ಯಾರೂ ಮಾತಾಡಲಿಲ್ಲ. ನನಗೆ ನಾಲಿಗೆ ತುರಿಸಿತು, ಆದರೆ ಪದುಮೆ ಬೆಳಗ್ಗೆಯೇ ನನ್ನ ಕೈ ಹಿಡಿದು ಹೇಳಿದ್ದಳು: ನೀನು ಬಾಯಿ ಹಾಕಬೇಡ ಅಕ್ಕ, ಇದು ನಮ್ಮ ಮನೆಯಿಂದಲೇ ಬರಬೇಕು ಎಂದು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಎರಡನೇ ಸಲ ಕೇಳಿದಳು. ಸುದತ್ತಕ ಮಾಲೆಯ ಹೂಗಳನ್ನು ಒಂದೊಂದಾಗಿ ನೋಡತೊಡಗಿದ. ಅಗಸ ಆಕಾಶ ನೋಡಿದ. ಇಡೀ ಬೀದಿಗೆ ಮಧುದಿನ್ನನ ರೋಗ ತಗುಲಿತ್ತು.

ಮೂರನೇ ಸಲ ಕೇಳುವಾಗ ಪದುಮೆಯ ದನಿ ಒಡೆಯಿತು. ಕೇಳಿ ಮುಗಿಸಿದಳು. ರೋಹಕ ನಗುತ್ತ ಕೈಯನ್ನು ಗಿಂಡಿಯ ಕೆಳಗೆ ಇನ್ನಷ್ಟು ಮುಂದೆ ತಂದ.

"ನನಗೆ ಒಪ್ಪಿಗೆ ಇಲ್ಲ."

ಬಾಗಿಲ ಹಿಂದಿನಿಂದ ಬಂದ ಮಾತು. ಸಣ್ಣ ದನಿ, ಆದರೆ ಆ ಮೌನದಲ್ಲಿ ಎಲ್ಲರಿಗೂ ಕೇಳಿಸಿತು. ಸೇಲೆ ಹೊರಗೆ ಬಂದು ತಾಯಿಯ ಪಕ್ಕದಲ್ಲಿ ನಿಂತಳು. ಅವಳ ಬೆರಳುಗಳಲ್ಲಿ ನನ್ನ ಮಡಕೆಯ ಕೆಮ್ಮಣ್ಣು ಇನ್ನೂ ಅಂಟಿತ್ತು.

ರೋಹಕನ ನಗು ಹಾರಿಹೋಯಿತು. "ಹುಡುಗಿ ಮಾತು ಯಾರು ಕೇಳ್ತಾರೆ? ಕೊಡೋ ಹೆಣ್ಣನ್ನ ಕೇಳಿ ಕೊಡ್ತಾರೇನ್ರೀ? ಬೆಲ್ಲನ ಕೇಳಿ ಮಾರ್ತಾರಾ?" ಜನರಲ್ಲಿ ಕೆಲವರು ನಕ್ಕರು. ಅವನಿಗೆ ಧೈರ್ಯ ಬಂದು ಮಧುದಿನ್ನನ ಕಡೆ ತಿರುಗಿದ. "ನೀನೇ ಹೇಳಪ್ಪ ಯಜಮಾನ. ಈ ಹುಡುಗಿ ಮಾತು ಲೆಕ್ಕಕ್ಕಿಲ್ಲ, ಅಲ್ವಾ? ಸುಮ್ಮನಿದ್ರೆ ಸಾಕು, ಒಪ್ಪಿದೆ ಅಂತ ತಿಳ್ಕೋತೀವಿ. ನೀರು ಬಿಡು."

ಎಲ್ಲರೂ ಮಧುದಿನ್ನನನ್ನು ನೋಡಿದರು. ಅವನಿಗೆ ಇಷ್ಟು ದಿನ ಬೇಕಾಗಿದ್ದದ್ದೂ ಅದೇ, ಎಲ್ಲರೂ ತನ್ನನ್ನೇ ನೋಡುವುದು. ಅವನು ಮಾತ್ರ ಮಗಳನ್ನು ನೋಡುತ್ತಿದ್ದ. ಅವಳು ಅವನನ್ನು ನೋಡಲಿಲ್ಲ, ನೆಲ ನೋಡುತ್ತಿದ್ದಳು. ತಂದೆಯಿಂದ ಏನಾದರೂ ಬಂದೀತು ಎಂಬ ಆಸೆಯನ್ನೇ ಅವಳು ಬಿಟ್ಟಿದ್ದಳು. ಅದು ಅವನಿಗೂ ಕಂಡಿರಬೇಕು.

ಅವನ ಬಾಯಿ ತೆರೆಯಿತು. ಮೊದಲು ಬಂದದ್ದು ಮಾತಲ್ಲ, ಕೆಮ್ಮು. ತಿಂಗಳುಗಟ್ಟಲೆ ಮುಚ್ಚಿದ್ದ ಬಾಗಿಲು ಕಿರುಗುಟ್ಟಿದಂತೆ ಒಂದು ಸದ್ದು. ಆಮೇಲೆ, "ಇದೆ," ಅಂದ.

"ಏನಿದೆ?" ಅಂದ ರೋಹಕ.

"ಲೆಕ್ಕಕ್ಕಿದೆ. ಅವಳ ಮಾತು ಲೆಕ್ಕಕ್ಕಿದೆ." ಗಿಂಡಿಯ ನೀರನ್ನೆಲ್ಲ ನೆಲಕ್ಕೆ ಸುರಿದುಬಿಟ್ಟ. "ಮಗಳನ್ನ ಕೊಡಲ್ಲ. ನಾನು ಅವತ್ತೂ ಒಪ್ಪಿರಲಿಲ್ಲ, ನನಗೆ ಭಯವಾಗಿತ್ತು, ಭಯ ಅಂದ್ರೆ ನಿನ್ನದಲ್ಲ, ಇವರದ್ದು, ಇವರೆಲ್ಲ ಏನಂತಾರೋ ಅಂತ. ನೀನು ನಿನ್ನ ಹೆಂಡತೀರನ್ನ ಹೊಡೆಯೋದು ನನಗೆ ಗೊತ್ತಿಲ್ವಾ? ನಿನ್ನ ಬಂಡಿಯೋನೇ ನನಗೆ ಹೇಳಿದ್ದ, ಅವನ ಭಾವಮೈದ ಕಾಶೀಲಿ ಕಬ್ಬಿನ ಗದ್ದೆ ನೋಡ್ಕೊಳ್ತಾನಲ್ಲ, ಆ ಗದ್ದೆಯೋನ ಅತ್ತೆಗೆ ಕಾಲು ಊತ ಇತ್ತು, ನಾನೇ ಮದ್ದು ಹೇಳಿದ್ದೆ..."

ಕಟ್ಟೆ ಒಡೆದಿತ್ತು. ಮೌನದ ದಿನಗಳಲ್ಲಿ ಆಡದೆ ಉಳಿಸಿಕೊಂಡದ್ದೆಲ್ಲ ರೋಹಕನ ಮೇಲೆ ಸುರಿಯಿತು. ನಡುವೆ ಎತ್ತನ್ನು ಒಯ್ದ ಅಗಸನಿಗೂ ಒಂದು ಪಾಲು ಸಿಕ್ಕಿತು, ಅಂಗಳದ ಮಡಕೆಗಳಿಗಾಗಿ ನನಗೂ ಸಿಕ್ಕಿತು. ಬೆಲ್ಲದಲ್ಲಿ ಮರಳು ಇದೆ ಎಂದೂ ಅವನೇ ಹೇಳಿಬಿಟ್ಟ. ಕೊಟ್ಟ ಮಾತಿಗೆ ತಪ್ಪಿದೆ ಎಂದು ರೋಹಕ ನಡುವೆ ಕೂಗಿದ. ಕೊಟ್ಟ ಮಾತು ಯಾವುದೆಂದು ತೋರಿಸು ಎಂದು ಇವನು ಕೇಳಿದ. ತೋರಿಸಲು ಏನೂ ಇರಲಿಲ್ಲ. ಕೊನೆಗೆ ರೋಹಕ ಕಿವಿಯ ಹಿಂದಿನ ಕಪ್ಪನ್ನು ಹೊಸ ಬಟ್ಟೆಗೆ ಒರೆಸಿಕೊಳ್ಳುತ್ತ, ಇನ್ನು ನಿನ್ನ ಬೆಲ್ಲ ನನ್ನ ಬಂಡಿಯಲ್ಲಿ ಬರುವುದಿಲ್ಲ ಎಂದು ಹೇಳಿ ಹೋದ. ಆ ಮಾತಿಗೆ ಅವನು ತಪ್ಪಲಿಲ್ಲ. ಈಗ ಮಧುದಿನ್ನನ ಬೆಲ್ಲ ಪದುಮೆ ಬಿಡಿಸಿ ತಂದ ಆ ಒಂದೇ ಎತ್ತಿನ ಮೇಲೆ ಬರುತ್ತದೆ.

ನಮ್ಮ ಬೀದಿ ಅವನನ್ನು ಕ್ಷಮಿಸಲಿಲ್ಲ. ಮಗಳು ಉಳಿದದ್ದು ಯಾರಿಗೂ ಕಾಣಲಿಲ್ಲ, ಮೌನ ಮುರಿದದ್ದು ಮಾತ್ರ ಕಂಡಿತು. "ಎಂಥ ಸಾಧನೆ ಮಾಡಿದ್ದ, ಸಂಸಾರದ ಮೋಹಕ್ಕೆ ಕಳ್ಕೊಂಡ," ಎಂದು ಸುದತ್ತಕ ತಂದಿದ್ದ ಮಾಲೆಗಳನ್ನು ಹಾಗೇ ಹಿಂದಕ್ಕೆ ಒಯ್ದ. ಮರಳಿನ ವಿಷಯ ಇಷ್ಟು ದಿನ ಹೇಳಲಿಲ್ಲವೆಂದು ಗಿರಾಕಿಗಳು ಕೋಪಿಸಿಕೊಂಡರು. ಮೂರು ಸಲ ಕೇಳಿದಾಗಲೂ ತುಟಿ ಬಿಚ್ಚದೆ ಕೂತಿದ್ದವರೇ ಅವನ ಬಗ್ಗೆ ಎಲ್ಲರಿಗಿಂತ ಹೆಚ್ಚು ಮಾತಾಡಿದರು. ಊಟ ಮಾತ್ರ ಯಾರೂ ಬಿಡಲಿಲ್ಲ. ಸೇಲೆಯೇ ನಿಂತು ಬಡಿಸಿದಳು. ಅವಳು ಅಷ್ಟು ನೆಮ್ಮದಿಯಿಂದ ನಡೆದಾಡಿದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ನನಗೆ ಒಲೆಯ ಹೊಗೆಯ ನೆಪ ಬೇಕಾಯಿತು, ಕಣ್ಣೊರೆಸಿಕೊಳ್ಳಲು.

ಎಲ್ಲರೂ ಹೋದ ಮೇಲೆ ಸೇಲೆ ನನ್ನ ಹಿತ್ತಿಲಿಗೆ ಬಂದು ಮಡಕೆಗೆ ಗೆರೆ ಬರೆಯುತ್ತ ಕೂತಳು. ಗೋಡೆಯಾಚೆ ಮಧುದಿನ್ನ ತನ್ನ ಹಿತ್ತಿಲಲ್ಲಿ ಅತ್ತಿತ್ತ ಓಡಾಡಿದ. ಗಂಟಲು ಕಟ್ಟಿತ್ತು, ಹೊಟ್ಟೆ ಹಸಿದಿತ್ತು. ಪದುಮೆ ಅಂಗಡಿಯಿಂದ ಅವನ ಹಲಗೆಯನ್ನು ತಂದು ಬೇವಿನ ನೆರಳಿಗೆ ಹಾಕಿಕೊಂಡು ಅದರ ಮೇಲೆ ಕೂತಿದ್ದಳು. ಬೆನ್ನು ನೆಟ್ಟಗಿತ್ತು, ಕಣ್ಣು ಅರ್ಧ ಮುಚ್ಚಿದ್ದವು.

"ಪದುಮೆ, ಅನ್ನ ಬಡಿಸು," ಅಂದ.

ಅವಳು ಸುಮ್ಮನಿದ್ದಳು. ಅವನು ಅದನ್ನು ಒಪ್ಪಿಗೆ ಎಂದೇ ತಿಳಿದು ಕೈಕಾಲು ತೊಳೆದು ತಟ್ಟೆ ಮುಂದಿಟ್ಟುಕೊಂಡು ಕೂತ. ನೆರಳು ಸರಿಯಿತು. ತಟ್ಟೆಗೆ ಬಿಸಿಲು ಬಿತ್ತು. ಒಂದು ನೊಣ ಬಂದು ಕೂತಿತು, ಅದನ್ನೂ ಯಾರೂ ಬೀಸಲಿಲ್ಲ.

"ಪದುಮೆ, ಬಡಿಸ್ತೀಯಾ?" ಅಂದ. ಈ ಸಲ ದನಿಯಲ್ಲಿ ಅನುಮಾನವಿತ್ತು.

ಸೇಲೆ ಬರೆಯುವುದನ್ನು ನಿಲ್ಲಿಸಿದಳು. ನಾನು ತಿಗರಿಯನ್ನು ಕಾಲಿನಿಂದ ತಡೆದೆ.

ಮಧುದಿನ್ನ ತಟ್ಟೆ ಬಿಟ್ಟು ಎದ್ದು ಹೆಂಡತಿಯ ಮುಂದೆ ಹೋಗಿ ನಿಂತ. ಇನ್ನೇನು ಉಪದೇಶ ಶುರು ಮಾಡುತ್ತಾನೆ ಅಂದುಕೊಂಡೆ. ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ: "ನಿನಗೆ ಒಪ್ಪಿಗೆನಾ?"

ಪದುಮೆ ಕಣ್ಣು ಬಿಟ್ಟಳು. "ಇಲ್ಲ," ಅಂದಳು.

ಅವನು ತಲೆಯಾಡಿಸಿದ. ಒಳಗೆ ಹೋಗಿ ಗಡಿಗೆ ಸೌಟು ಉರುಳಿಸುತ್ತ ತಟ್ಟೆಗೆ ಅನ್ನ ಹಾಕಿಕೊಂಡ. ಹೊರಗೆ ಬಂದವನು ಬಾಗಿಲಲ್ಲೇ ನಿಂತು ಏನೋ ನೆನಪಾದವನಂತೆ ಒಳಗೆ ಹೋಗಿ ಇನ್ನೊಂದು ತಟ್ಟೆಗೂ ಹಾಕಿ ತಂದು ಅವಳ ಮುಂದಿಟ್ಟ.

ಅವಳು ತಟ್ಟೆಯನ್ನು ನೋಡಿದಳು. "ಉಪ್ಪಿಲ್ಲ," ಅಂದಳು.

ಮಧುದಿನ್ನ ಉಪ್ಪು ತರಲು ಓಡಿದ. ಒಳಗೆ ಏನೇನೋ ಬೀಳುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಿಂದಲೇ ಅವನ ದನಿ ಬಂತು, "ಉಪ್ಪು ಎಲ್ಲಿರುತ್ತೆ?"

ಪದುಮೆ ಸುಮ್ಮನಿದ್ದಳು.